ಮಸಿಗೆ ಹಾಕಿದ ಬೀಗ

ಸೆಮಿಸ್ಟರ್ ಕೊನೆಯ ವಾರ ಹಂಪನಕಟ್ಟೆಯ ಸುತ್ತಮುತ್ತ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಪ್ರಾಜೆಕ್ಟ್ ರಿಪೋರ್ಟು, ಸೆಮಿನಾರ್ ಪೇಪರು, ಹಾಲ್ ಟಿಕೆಟು ಎಂದು ಮಕ್ಕಳ ಸಾಲು ರಸ್ತೆಯವರೆಗೆ ಬಂದಿರುತ್ತದೆ. ಮೊದಲೆಲ್ಲ ಆ ಸಾಲು ನಿಲ್ಲುತ್ತಿದ್ದುದು ಕರೆಂಟ್ ಹೋದರೆ, ಇಲ್ಲವೇ ಕಾಗದ ಸಿಕ್ಕಿಕೊಂಡರೆ. ಈಗ ಮೂರನೆಯ ಕಾರಣವೊಂದಿದೆ. ಮಸಿ ಇದೆ, ಕಾಗದ ಇದೆ, ಕರೆಂಟೂ ಇದೆ. ಆದರೆ ಕಾರ್ಟ್ರಿಜ್‌ಗೆ ಅಂಟಿಸಿರುವ, ಉಗುರಿನಷ್ಟು ಗಾತ್ರದ ಒಂದು ಚಿಪ್ ಒಪ್ಪುವುದಿಲ್ಲ.

‘ಇಂಕ್ ಫುಲ್ ಉಂಟು ಮಾರಾಯ್ರೆ, ಚಿಪ್ಪಿಗೆ ಗೊತ್ತಿಲ್ಲ ಅಷ್ಟೆ’ ಎನ್ನುತ್ತಾರೆ ನನಗೆ ಕಾರ್ಟ್ರಿಜ್ ತುಂಬಿಸಿಕೊಡುವ ಅಂಗಡಿಯವರು. ಅವರದು ದೊಡ್ಡ ಮನಸ್ಸು. ನನ್ನ ಪ್ರಕಾರ ಚಿಪ್ಪಿಗೆ ಗೊತ್ತಾಗಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ.

ಅದು ಕೆಲಸ ಮಾಡುವ ರೀತಿಯನ್ನು ನೋಡಿ. ಬಹುತೇಕ ಇಂಕ್‌ಜೆಟ್ ಪ್ರಿಂಟರುಗಳು ಮಸಿಯನ್ನು ಅಳೆಯುವುದೇ ಇಲ್ಲ. ಎಷ್ಟು ಹನಿ ಚಿಮ್ಮಿಸಿದೆ ಎಂದು ಲೆಕ್ಕ ಇಡುತ್ತವೆ, ಆ ಲೆಕ್ಕವನ್ನು ಚಿಪ್ಪಿನಲ್ಲಿ ಬರೆದಿಡುತ್ತವೆ. ಟೋನರ್ ಆದರೆ ಪುಟದ ಲೆಕ್ಕ. ಲೆಕ್ಕ ಮುಗಿದ ದಿನ ‘ಖಾಲಿ’ ಎಂಬ ಗುರುತು ಬೀಳುತ್ತದೆ. ಆಮೇಲೆ ನೀವು ಸಿರಿಂಜಿನಲ್ಲಿ ಕತ್ತಿನವರೆಗೆ ಮಸಿ ತುಂಬಿದರೂ ಎಷ್ಟೋ ಚಿಪ್ಪುಗಳಲ್ಲಿ ಆ ಗುರುತು ಅಳಿಯದು. ಇದಲ್ಲದೆ ಚಿಪ್ಪಿನೊಳಗೆ ತಯಾರಕರ ಗುರುತಿನ ಸಂಕೇತವಿರುತ್ತದೆ, ಕೆಲವದರಲ್ಲಿ ಯಾವ ದೇಶಗಳ ಮಾರುಕಟ್ಟೆಗೆ ಸೇರಿದ್ದೆಂಬ ಗುರುತೂ ಇರುತ್ತದೆ. ದುಬೈಯಿಂದ ಊರಿಗೆ ಬರುವ ಅಣ್ಣ ಅಲ್ಲಿಂದ ಕಾರ್ಟ್ರಿಜ್ ತಂದರೆ ಇಲ್ಲಿನ ಪ್ರಿಂಟರ್ ಅದನ್ನು ಪರದೇಶಿ ಎಂದು ಹೊರಗಿಡಬಹುದು.

ಅಂದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು, ಬಿಲ್ಲು ಬರೆಸಿ, ಮನೆಗೆ ತಂದ ವಸ್ತುವಿನ ಬೀಗದ ಕೈ ಮಾರಿದವನ ಬಳಿಯೇ ಉಳಿದಿದೆ. ನನ್ನ ತಕರಾರು ಇಷ್ಟೇ. ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಮಸಿಯಲ್ಲಿ ದುಡ್ಡು ಮಾಡುತ್ತಾರೆ ಎಂಬುದು ಹಳೆಯ ಮಾತು. ವ್ಯಾಪಾರ ಅಂದಮೇಲೆ ಅದೂ ಇರಲಿ. ಮಾರಿದ ಮೇಲೂ ಬಿಡೆನು ಎಂಬುದನ್ನು ಮಾತ್ರ ಒಪ್ಪಲಾಗದು.

ಈ ಬೀಗವನ್ನು ಕಾನೂನಿನಿಂದ ಗಟ್ಟಿಮಾಡಿಕೊಳ್ಳಲು ಕಂಪನಿಗಳು ಮಾಡಿದ ಪ್ರಯತ್ನದ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೂ ರುಚಿಸಬೇಕು. ಅಮೆರಿಕದ ಲೆಕ್ಸ್‌ಮಾರ್ಕ್ 2002ರಲ್ಲಿ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಚಿಪ್ ತಯಾರಕರ ಮೇಲೆ ದಾವೆ ಹೂಡಿತು. ನಮ್ಮ ಚಿಪ್ಪಿನೊಳಗಿನ ಪ್ರೋಗ್ರಾಂ ನಮ್ಮ ಕೃತಿ, ಅದನ್ನು ನಕಲು ಮಾಡಿದ್ದಾರೆ, ಕೃತಿಸ್ವಾಮ್ಯದ ಉಲ್ಲಂಘನೆಯಾಗಿದೆ ಎಂಬುದು ವಾದ. ಆ ‘ಕೃತಿ’ ಒಂದು ಮಾದರಿಯಲ್ಲಿ 37 ಬೈಟ್, ಇನ್ನೊಂದರಲ್ಲಿ 55 ಬೈಟ್. ಮೊಕದ್ದಮೆಯ ಹೆಸರನ್ನು ಟೈಪ್ ಮಾಡಿದರೂ ಅದಕ್ಕಿಂತ ಹೆಚ್ಚು ಜಾಗ ಬೇಕೆಂದು ನ್ಯಾಯಾಲಯವೇ ಬರೆಯಿತು. ಜಾಲದಲ್ಲಿ ನಾವು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು; ‘ಮಂಗಳೂರು ವಿಶ್ವವಿದ್ಯಾನಿಲಯ’ ಎಂದು ಬರೆದರೆ 67 ಬೈಟ್ ಆಗುತ್ತದೆ. ಕೊಣಾಜೆಯ ಒಂದು ಬೋರ್ಡಿನಷ್ಟೂ ಇಲ್ಲದ ಕೃತಿಗೆ ಕೃತಿಸ್ವಾಮ್ಯ! ಕೆಳಗಿನ ನ್ಯಾಯಾಲಯ ಮೊದಲು ಲೆಕ್ಸ್‌ಮಾರ್ಕ್ ಪರವಾಗಿ ತಡೆಯಾಜ್ಞೆ ಕೊಟ್ಟಿತ್ತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು.

ಕೃತಿಸ್ವಾಮ್ಯ ಕೈಕೊಟ್ಟ ಮೇಲೆ ಪೇಟೆಂಟ್ ಬಂತು. ರಿಯಾಯಿತಿ ದರದಲ್ಲಿ ಮಾರಿದ ಕಾರ್ಟ್ರಿಜ್‌ಗಳನ್ನು ಒಮ್ಮೆ ಮಾತ್ರ ಬಳಸಬೇಕು, ಖಾಲಿಯಾದ ಮೇಲೆ ನಮಗೇ ಮರಳಿಸಬೇಕು ಎಂದು ಲೆಕ್ಸ್‌ಮಾರ್ಕ್ ಕರಾರು ಹಾಕಿತ್ತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇಂಪ್ರೆಶನ್ ಪ್ರಾಡಕ್ಟ್ಸ್ ಮೊಕದ್ದಮೆಯಲ್ಲಿ ಹೇಳಿದ್ದು ನಮ್ಮ ರಥಬೀದಿಯ ಹಳೇ ವ್ಯಾಪಾರಿಯೂ ಹೇಳಬಹುದಾದ ಮಾತು: ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟಿನ ಹಕ್ಕು ಮುಗಿಯಿತು. ಹಳೆಯ ಕಾರು ರಿಪೇರಿ ಮಾಡಿ ಮಾರುವ ಅಂಗಡಿಯನ್ನೇ ತೀರ್ಪು ಉದಾಹರಣೆಯಾಗಿ ತೆಗೆದುಕೊಂಡಿತ್ತು.

ಗೆದ್ದೆವು ಎಂದುಕೊಳ್ಳುವಂತಿಲ್ಲ. ತೀರ್ಪು ಪೇಟೆಂಟಿನ ಮಾತಾಡಿತು, ಚಿಪ್ಪನ್ನು ಕೀಳಿರಿ ಎನ್ನಲಿಲ್ಲ. ಕೋರ್ಟಿನಲ್ಲಿ ಸಿಗದ್ದನ್ನು ಸಾಫ್ಟ್‌ವೇರಿನಲ್ಲಿ ಪಡೆಯಬಹುದು ಎಂಬುದು ಅಷ್ಟರಲ್ಲೇ ಗೊತ್ತಾಗಿತ್ತು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಹಲವು ಮಾದರಿಯ ಪ್ರಿಂಟರುಗಳು ನಿನ್ನೆಯವರೆಗೆ ಒಪ್ಪಿಕೊಂಡಿದ್ದ ಬೇರೆಯವರ ಕಾರ್ಟ್ರಿಜ್‌ಗಳನ್ನು ಏಕಾಏಕಿ ತಿರಸ್ಕರಿಸಿದವು. ಗಲಾಟೆಯಾದ ಮೇಲೆ ಕಂಪನಿ ಸರಿಯಾಗಿ ತಿಳಿಸಲಿಲ್ಲವೆಂದು ಕ್ಷಮೆ ಕೇಳಿತು, ನೀತಿ ಮಾತ್ರ ಮುಂದುವರಿಯಿತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ 1 ಕೋಟಿ ಯೂರೋ ದಂಡ ಹಾಕಿತು. ಬೇರೆಯವರ ಕಾರ್ಟ್ರಿಜ್ ನಡೆಯದೆಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ ಎಂಬುದು ಆರೋಪಗಳಲ್ಲೊಂದು.

ಕಂಪನಿಗಳ ಸಮರ್ಥನೆ ಏನು? ಕಳಪೆ ಮಸಿ ಹೆಡ್ ಕೆಡಿಸುತ್ತದೆ ಎನ್ನುತ್ತಾರೆ. ಕೆಲವು ಸಲ ಕೆಡಿಸುತ್ತದೆ, ನಿಜ. ಸೋರಿದ ಕಾರ್ಟ್ರಿಜ್‌ನಿಂದ ಕೈ, ಅಂಗಿ ಕಪ್ಪು ಮಾಡಿಕೊಂಡವರ ಪೈಕಿ ನಾನೂ ಒಬ್ಬ. ಹಾಗಾದರೆ ಎಚ್ಚರಿಕೆ ಕೊಡಲಿ, ಆ ಮಸಿಯಿಂದಾದ ಹಾನಿಗೆ ವಾರಂಟಿ ಇಲ್ಲವೆನ್ನಲಿ. ತೀರ್ಮಾನ ನನ್ನದಾಗಿರಲಿ. 2024ರ ಜನವರಿಯಲ್ಲಿ ಎಚ್‌ಪಿಯ ಅಂದಿನ ಮುಖ್ಯಸ್ಥ ಎನ್ರಿಕೆ ಲೋರೆಸ್ ಸಿಎನ್‌ಬಿಸಿ ಸಂದರ್ಶನದಲ್ಲಿ ಇನ್ನೊಂದು ಕಾರಣ ಕೊಟ್ಟರು: ಬೇರೆಯವರ ಕಾರ್ಟ್ರಿಜ್ ಮೂಲಕ ವೈರಸ್ ಬರಬಹುದಂತೆ. ಮಸಿಯ ಬಾಟಲಿಗೆ ವೈರಸ್ ತಗಲದು ಸ್ವಾಮಿ. ಅದಕ್ಕೆ ಚಿಪ್ ಬೇಕು, ಕಾರ್ಟ್ರಿಜ್‌ಗೆ ಚಿಪ್ ಇಟ್ಟವರು ನೀವೇ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಕ್ಯಾನನ್ ಕಂಪನಿಯದು. 2022ರ ಆರಂಭದಲ್ಲಿ ಜಗತ್ತಿನಲ್ಲೆಲ್ಲ ಚಿಪ್‌ಗಳ ಬರ. ಕ್ಯಾನನ್ ಕೆಲವು ಆಫೀಸ್ ಯಂತ್ರಗಳಿಗೆ ಚಿಪ್ಪಿಲ್ಲದ ಟೋನರ್ ಮಾರಬೇಕಾಯಿತು. ಅದರ ಯಂತ್ರಗಳೇ ಅದರದೇ ಟೋನರನ್ನು ನಂಬದೆ ಎಚ್ಚರಿಕೆ ತೋರಿಸತೊಡಗಿದವು. ಆಗ ಜರ್ಮನಿಯ ಗ್ರಾಹಕರಿಗೆ ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಕಂಪನಿಯೇ ಹೇಳಿಕೊಟ್ಟಿತು. ಮುದ್ರಣದ ಗುಣಮಟ್ಟಕ್ಕೆ ತೊಂದರೆಯಿಲ್ಲ, ಟೋನರ್ ಎಷ್ಟು ಉಳಿದಿದೆ ಎಂದು ತೋರಿಸುವುದರಂಥ ಕೆಲವು ಸೌಲಭ್ಯ ತಪ್ಪಬಹುದು, ಅಷ್ಟೆ.

ಅಚ್ಚಿನ ಕಸುಬಿಗೆ ಇಂಥ ಪರಾಧೀನತೆ ಹೊಸದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಒಂದು ಕೆಲಸ ಮುಗಿದರೆ ಕಲ್ಲನ್ನು ಉಜ್ಜಿ ತೊಳೆದು ಮುಂದಿನದಕ್ಕೆ ಅಣಿ ಮಾಡುವುದು ಕಲ್ಲಚ್ಚಿನ ಕ್ರಮ. 1894ರಲ್ಲಿ ಕಿಟೆಲ್ ನಿಘಂಟು ಇದೇ ಊರಿನ ಬಾಸೆಲ್ ಮಿಶನ್‌ನಿಂದ ಹೊರಬಂತು. ಮೊಳೆ ಜೋಡಿಸು, ಅಚ್ಚು ಹಾಕು, ಬಿಡಿಸಿ ಮತ್ತೆ ಜೋಡಿಸು ಎಂಬುದೇ ಮೊಳೆಯಚ್ಚಿನ ಕೆಲಸ. ಇಲ್ಲಿಯ ರೀಫಿಲ್ ಅಂಗಡಿಯವರು ಮಾಡುತ್ತಿರುವುದು ಅದನ್ನೇ. ಅವರನ್ನು ‘ಡೂಪ್ಲಿಕೇಟ್’ ವ್ಯಾಪಾರಿ ಎನ್ನುವವರ ಬಗ್ಗೆ ನನಗೆ ಸಿಟ್ಟಿದೆ. ಖಾಲಿ ಡಬ್ಬಿಗೆ ನಕಲಿ ಲೇಬಲ್ ಹಚ್ಚಿ ಹೊಸದೆಂದು ಮಾರುವುದು ಮೋಸ. ನನ್ನ ಡಬ್ಬಿಗೆ ನಾನು ಹೇಳಿದಂತೆ ಮಸಿ ತುಂಬುವುದು ದುಡಿಮೆ.

ದೊಡ್ಡ ಕಂಪನಿಗಳು ಇಂಥ ಕೈಗಳಿಂದ ಕಲಿತದ್ದೂ ಉಂಟು. ಕಾರ್ಟ್ರಿಜ್‌ಗೆ ಸಣ್ಣ ಪೈಪು ಜೋಡಿಸಿ, ಹೊರಗೆ ಮಸಿ ಬಾಟಲಿ ಇಡುವ ಉಪಾಯ ಇಂಡೋನೇಷ್ಯಾದ ಅಂಗಡಿಗಳಲ್ಲಿ ಸಾಮಾನ್ಯವಾಗಿತ್ತು. ಎಪ್ಸನ್ 2010ರಲ್ಲಿ ತನ್ನ ಇಂಕ್ ಟ್ಯಾಂಕ್ ಪ್ರಿಂಟರನ್ನು ಮೊದಲು ಮಾರಿದ್ದು ಅಲ್ಲೇ. ಇಂದು ನಮ್ಮ ಹಾಸ್ಟೆಲ್ ರೂಮುಗಳಲ್ಲೂ ಅಂಥವೇ ಇವೆ, ಪುಟದ ಖರ್ಚು ಇಳಿದಿದೆ. ಅಲ್ಲೂ ಪೂರ್ತಿ ಬಿಡುಗಡೆಯಿಲ್ಲ: ಸೋರಿದ ಮಸಿ ಹೀರುವ ಪ್ಯಾಡಿಗೂ ಲೆಕ್ಕವಿದೆ, ಲೆಕ್ಕ ತುಂಬಿದರೆ ಯಂತ್ರ ನಿಲ್ಲುತ್ತದೆ. ಹೊಸ ಕೆಲವು ಮಾದರಿಗಳಲ್ಲಿ ಆ ಪೆಟ್ಟಿಗೆಗೂ ಚಿಪ್!

ಭಾರತದ ಕಾನೂನು ಇಲ್ಲಿ ನಡುದಾರಿಯಲ್ಲಿ ನಿಂತಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಮಸಿ ತುಂಬಲು ಚಿಪ್ ರೀಸೆಟ್ ಮಾಡುವವರ ಉದ್ದೇಶ ಅದಲ್ಲ. ಆದರೆ ಬೀಗ ಹಾಕಬೇಡಿ ಎಂದು ಆ ಕಲಂ ಯಾರಿಗೂ ಹೇಳುವುದಿಲ್ಲ. ಕಾರುಗಳ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದ್ದೆವು: ಬಿಡಿಭಾಗ ಮತ್ತು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ವಿಧಿಸಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಟ್ರಾಕ್ಟರು, ಮೊಬೈಲು, ಫ್ರಿಜ್ಜು, ವಾಹನಗಳ ಮಾತು ಅಲ್ಲಿ ಬಂತು. ಮಸಿಯ ಮಾತೂ ಬರಬೇಕು. ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ‘ಕಾರ್ಟ್ರಿಜ್ ಸಹಿತ ಪ್ರಿಂಟರ್’ ಈಗಾಗಲೇ ಇದೆ. ಕಸವಾದ ಮೇಲೆ ನೆನಪಾಗುವ ವಸ್ತು ಕಸವಾಗುವ ಮೊದಲೇ ನೆನಪಾಗಲಿ.

ನಾನು ಕೇಳುವುದು ಎರಡು. ಮಾರಿದ ದಿನ ಒಪ್ಪಿಕೊಳ್ಳುತ್ತಿದ್ದ ಕಾರ್ಟ್ರಿಜ್ಜನ್ನು ಆಮೇಲಿನ ಅಪ್‌ಡೇಟ್ ಮೂಲಕ ತಿರಸ್ಕರಿಸುವುದಕ್ಕೆ ನಿಷೇಧ ಬೇಕು. ಮತ್ತು ‘ಈ ಯಂತ್ರ ನಮ್ಮ ಮಸಿ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ’ ಎಂದು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಬರೆದಿರಬೇಕು. ಅಲ್ಲಿಯವರೆಗೆ, ಹೊಸ ಪ್ರಿಂಟರ್ ಕೊಳ್ಳಲು ಹೊರಟವರು ಶೋರೂಮಿಗೆ ಹೋಗುವ ಮೊದಲು ನಿಮ್ಮ ಬೀದಿಯ ರೀಫಿಲ್ ಅಂಗಡಿಗೆ ಹೋಗಿ, ಯಾವ ಮಾದರಿಗೆ ಮಸಿ ತುಂಬಿಸಿಕೊಡುತ್ತೀರಿ ಎಂದು ಕೇಳಿ.