ತೋಟಕ್ಕೆ ಬೇಕಾದುದು ಉದ್ಘಾಟನೆಯಲ್ಲ, ದತ್ತಿ

ಪ್ರತಿವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ನಮ್ಮ ನಗರಗಳಲ್ಲಿ ಸಸಿ ನೆಡುವ ಸಮಾರಂಭಗಳು ನಡೆಯುತ್ತವೆ. ಬ್ಯಾನರು, ಭಾಷಣ, ಛಾಯಾಚಿತ್ರ, ಉಪಾಹಾರ ಯಾವುದಕ್ಕೂ ಕೊರತೆಯಿರುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಆ ಸಸಿಗೆ ನೀರೆರೆಯುವವರು ಯಾರು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಹತ್ತಾರು ಮನೆಯವರು ಕೂಡಿ ಬೆಳೆಸಬೇಕಾದ ಸಮುದಾಯ ತೋಟಗಳಿಗೂ ಇದೇ ಗತಿ ಒದಗುತ್ತದೆ. ಇವು ಒಣಗುವುದು ಉತ್ಸಾಹದ ಅಭಾವದಿಂದಲ್ಲ. ನೆಲದ ಭರವಸೆ ಮತ್ತು ನಿತ್ಯದ ಹೊಣೆಗಾರಿಕೆ ಇಲ್ಲದಿರುವುದರಿಂದ. ಇವೆರಡನ್ನೂ ಕೊಡಬಲ್ಲ ಸಂಸ್ಥೆಗಳು ನಮ್ಮಲ್ಲಿವೆ. ಅವು ನಮ್ಮ ಬಸದಿಗಳ ಹಾಗೂ ಸಮಾಜದ ಟ್ರಸ್ಟುಗಳು. ಅವು ಮುಂದೆ ಬರುತ್ತಿಲ್ಲವೆಂಬುದೇ ಈ ಲೇಖನದ ಆಕ್ಷೇಪ.

ನಮ್ಮ ಪೂರ್ವಿಕರಿಗೆ ಈ ವಿವೇಕವಿತ್ತು. ಬಸದಿಗಳಿಗೆ ಬಿಟ್ಟ ದತ್ತಿಗಳನ್ನು ಹೇಳುವ ಕನ್ನಡ ಶಾಸನಗಳಲ್ಲಿ ಗದ್ದೆ ಬೆದ್ದಲುಗಳ ಜೊತೆಗೆ ಹೂದೋಟಗಳ ಉಲ್ಲೇಖವೂ ಬರುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಹೂವಿನ ಸೇವೆಗೆಂದು ದತ್ತಿ ಬಿಟ್ಟವರ ಸಂಗತಿಯಿದೆ. ಅಂದಿನ ದಾನಿಯು ಗಿಡ ನೆಟ್ಟು ಹೋದವನಲ್ಲ. ನೆಲದ ಎಲ್ಲೆಯನ್ನು ಗುರುತಿಸಿ, ಆಚಂದ್ರಾರ್ಕವಾಗಿ ನಡೆಯಲೆಂದು ಕಲ್ಲಿನಲ್ಲಿ ಬರೆಸಿ ಹೋದನು. ಇಂದು ನಾವು ದಾನಿಯ ಹೆಸರನ್ನು ಮಾತ್ರ ಕಲ್ಲಿನಲ್ಲಿ ಕೆತ್ತಿಸುತ್ತೇವೆ. ತೋಟವಿರಬಹುದಾಗಿದ್ದ ಅಂಗಳಕ್ಕೆ ಸಿಮೆಂಟು ಹಾಸಿ, ಅದನ್ನು ಅಭಿವೃದ್ಧಿ ಎಂದು ವಾರ್ಷಿಕ ವರದಿಯಲ್ಲಿ ಬರೆಯುತ್ತೇವೆ.

ನೆಲದ ಭರವಸೆಯ ಮಹತ್ವವನ್ನು ಹೊರದೇಶಗಳ ಅನುಭವವೂ ತೋರಿಸುತ್ತದೆ. ಇಂಗ್ಲೆಂಡಿನಲ್ಲಿ 1908ರ ಕಾಯಿದೆಯು, ತರಕಾರಿ ಬೆಳೆಯಲು ನೆಲ ಕೇಳುವ ಜನರಿಗೆ ಸಣ್ಣ ತುಂಡುಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ನ್ಯೂಯಾರ್ಕ್ ನಗರದಲ್ಲಿ 1970ರ ದಶಕದಿಂದ ಜನರು ಪಾಳು ನಿವೇಶನಗಳ ಕಸವನ್ನು ತೆಗೆದು ತೋಟಗಳನ್ನು ಮಾಡಿದರು. 1999ರಲ್ಲಿ ನಗರಾಡಳಿತವು ಅಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಜನರ ಪ್ರತಿಭಟನೆ ಒಂದು ಕಡೆ ನಡೆಯಿತು. ಕಡೆಗೆ ಎರಡು ಸೇವಾ ಸಂಸ್ಥೆಗಳು ಹಣ ಕೊಟ್ಟು ನೆಲವನ್ನೇ ಕೊಂಡುದರಿಂದ ಆ ತೋಟಗಳು ಉಳಿದವು. ವರ್ಷಗಟ್ಟಲೆ ದುಡಿದವರ ಬೆವರು ಕೂಡ ನೆಲದ ಹಕ್ಕಿಲ್ಲದೆ ನಿಲ್ಲಲಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ನಮ್ಮವರು ಒಡ್ಡುವ ಮೊದಲನೆಯ ಆಕ್ಷೇಪ: ತರಕಾರಿ ಬೆಳೆಯುವುದು ಹಳ್ಳಿಯ ಕೆಲಸ, ನಗರದವರಿಗೇಕೆ ಆ ಗೊಡವೆ? ಹೀಗೆನ್ನುವವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಕಡೆಗೊಮ್ಮೆ ಹೋಗಿ ನೋಡಬೇಕು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಸೀಮೆಯಲ್ಲಿ ವಿಸ್ತಾರವಾದ ಹೊಲಗಳು ಹೊಗೆಸೊಪ್ಪಿನ ಪಾಲಾಗಿವೆ. ಅದನ್ನು ಹದಮಾಡುವ ಬ್ಯಾರನ್‌ಗಳಿಗಾಗಿ ಮರಗಳು ಸೌದೆಯಾಗುತ್ತವೆ. ಇದರಲ್ಲಿ ರೈತನನ್ನು ದೂರುವಂತಿಲ್ಲ. ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಹೀರೆಕಾಯಿಗೆ ಅಂಥ ಆಸರೆಯಿಲ್ಲ. ಆ ಸೀಮೆಯಿಂದ ಮೈಸೂರಿಗೆ ಬಂದು ನೆಲೆಸಿದ ಮನೆಗಳಲ್ಲಿ ಅವರೆ ಬಿತ್ತುವ ಕಾಲವನ್ನು ಬಲ್ಲ ಅಜ್ಜಿಯರಿದ್ದಾರೆ. ಅದನ್ನು ಕೇಳಿ ತಿಳಿಯುವ ಮೊಮ್ಮಕ್ಕಳಿಲ್ಲ. ಒಂದು ತಲೆಮಾರು ಕಳೆದರೆ ಆ ತಿಳಿವಳಿಕೆಯೂ ಹೋಗುತ್ತದೆ.

ಎರಡನೆಯ ಆಕ್ಷೇಪವು ಧರ್ಮದ ಹೆಸರಿನಲ್ಲಿ ಬರುತ್ತದೆ: ಮಣ್ಣು ಅಗೆದರೆ ಜೀವಹಿಂಸೆಯಾಗುತ್ತದೆ. ಆಗುತ್ತದೆ, ನಿಜ. ಆದರೆ ಗೃಹಸ್ಥನ ಜೀವನದಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಗೂ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಗೂ ನಮ್ಮ ಆಚಾರ್ಯರು ವ್ಯತ್ಯಾಸ ಹೇಳಿದ್ದಾರೆ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಮೇಲಾಗಿ ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಕೀಟನಾಶಕ ಸಿಂಪಡಿಸಿದ ತರಕಾರಿಯನ್ನು ಅಂಗಡಿಯಲ್ಲಿ ಕೊಳ್ಳುವಾಗ ನಮ್ಮ ಕೈ ಶುದ್ಧವಾಗಿ ಕಾಣಬಹುದು. ಆ ಸಿಂಪಡಣೆಯು ನಮ್ಮಂಥವರ ಅಡುಗೆಮನೆಗಾಗಿಯೇ ನಡೆದದ್ದಲ್ಲವೇ? ಸ್ವಂತ ತೋಟದಲ್ಲಾದರೆ ಅಗೆತವನ್ನು ಕಡಿಮೆ ಮಾಡಬಹುದು, ವಿಷವನ್ನು ಪೂರ್ಣವಾಗಿ ಬಿಡಬಹುದು. ಕಂದಮೂಲಗಳನ್ನು ಬೆಳೆಯದ ನಮಗೆ ನೆಲವನ್ನು ಪದೇ ಪದೇ ಬಗೆಯುವ ಪ್ರಸಂಗವೂ ಅಪರೂಪ.

ಇನ್ನು ಕಾರ್ಯವಿಧಾನದ ಮಾತು. ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರಂಥವರ ಪ್ರಯತ್ನದಿಂದ ತಾರಸಿ ತೋಟಗಾರಿಕೆ ಬಹಳ ಮನೆಗಳನ್ನು ಮುಟ್ಟಿತು. ತಾರಸಿಗೆ ಮನೆಯೊಡತಿ ಒಬ್ಬಳಿದ್ದರೆ ಸಾಕು. ಸಾಮಾನ್ಯ ನೆಲಕ್ಕೆ ಕಟ್ಟುಪಾಡು ಬೇಕು. ಟ್ರಸ್ಟು ಮೊದಲು ತನ್ನ ಕಾಗದಪತ್ರಗಳನ್ನು ನೋಡಿ, ಭೋಗ್ಯದ ನಿವೇಶನವಾದರೆ ಷರತ್ತುಗಳನ್ನು ತಿಳಿದು, ಕನಿಷ್ಠ ಹತ್ತು ವರ್ಷಗಳ ಅನುಮತಿಯನ್ನು ಬರಹದಲ್ಲಿ ಕೊಡಬೇಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವನ್ನು ಆರಿಸಬೇಕು. ಕಟ್ಟಡದ ಗಾರೆ ಚೂರುಗಳನ್ನು ತೆಗೆಸಿ, ಎರಡೂ ಬದಿಯಿಂದ ಕೈಗೆಟಕುವಂತೆ ಮೂರಡಿ ಅಗಲದ ಮಡಿಗಳನ್ನು ಮಾಡಿದರೆ ವೃದ್ಧರೂ ದುಡಿಯಬಲ್ಲರು. ತರಗೆಲೆಗಳನ್ನು ಸುಡದೆ ಮಡಿಗಳಿಗೆ ಹೊದಿಸಬೇಕು. ಅಡುಗೆಮನೆಯ ಸಿಪ್ಪೆ ಗೊಬ್ಬರವಾಗಬೇಕು. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 80,000 ಲೀಟರ್ ನೀರು ಬೀಳುತ್ತದೆ. ಅದರಲ್ಲೊಂದು ಪಾಲನ್ನು ತೊಟ್ಟಿಯಲ್ಲಿ ಹಿಡಿದರೂ ತೋಟಕ್ಕೆ ದೊಡ್ಡ ಆಸರೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಿಗೆ ಆಗ ಹೀರೆ, ಪಡವಲ ದೊರೆಯುವಂತೆ ಬಿತ್ತನೆಯನ್ನು ಹೊಂದಿಸಬೇಕು. ದಂಟು, ಮೆಂತ್ಯ ಉಳಿದ ತಿಂಗಳುಗಳಿಗೆ.

ತೋಟದ ನಿಜವಾದ ಪರೀಕ್ಷೆ ನಡೆಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಶಾಲೆಗಳಿಗೆ ರಜೆ ಬಂದು ಕುಟುಂಬಗಳು ಊರಿಗೆ ಹೋಗುತ್ತವೆ. ಬಿಸಿಲೂ ಆಗಲೇ ಹೆಚ್ಚು. ಆದುದರಿಂದ ಮನೆಮನೆಯ ಸರದಿಯಷ್ಟನ್ನೇ ನಂಬದೆ, ಆ ಎರಡು ತಿಂಗಳಿಗಾದರೂ ಸಂಬಳದ ಮಾಲಿಯನ್ನು ನೇಮಿಸಬೇಕು. ಪೂಜೆಗೂ ದೀಪಕ್ಕೂ ಆಯವ್ಯಯದಲ್ಲಿ ಹಣ ತೆಗೆದಿಡುವ ಟ್ರಸ್ಟಿಗೆ ಇದೊಂದು ಭಾರವಲ್ಲ. ಬೆಳೆ ಹಂಚುವ ಕ್ರಮವನ್ನು ಬಿತ್ತುವ ಮೊದಲೇ ಬರೆದಿಡಬೇಕು. ದುಡಿದವರಿಗೆ ಒಂದು ಪಾಲು, ನೆರೆಯ ಅಂಗನವಾಡಿಗೆ ಒಂದು ಪಾಲು. ನೆರೆಯವರು ಯಾವ ಜಾತಿ ಮತದವರಾದರೂ ಮಡಿಯಲ್ಲಿ ಅವರಿಗೆ ಸ್ಥಾನವಿರಬೇಕು. ಗೇಟಿಗೆ ಬೀಗ ಹಾಕಿಟ್ಟ ತೋಟವನ್ನು ಸಮುದಾಯದ್ದೆಂದು ಕರೆಯುವುದು ಸಲ್ಲದು.

ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ನಮ್ಮ ಅಧೀನದ ಯಾವ ನೆಲ ಖಾಲಿಯಿದೆ, ಅದು ಎಷ್ಟು ವರ್ಷದಿಂದ ಖಾಲಿಯಿದೆ ಎಂಬ ಪ್ರಶ್ನೆಯನ್ನು ವಿಷಯಪಟ್ಟಿಯಲ್ಲಿ ಸೇರಿಸಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿರಿ. ಧರ್ಮದರ್ಶಿಗಳು ಕೇಳದಿದ್ದರೆ ಸದಸ್ಯರೇ ಎದ್ದುನಿಂತು ಕೇಳಲಿ. ದಾನವಾಗಿ ಬಂದ ನೆಲದ ಲೆಕ್ಕವನ್ನು ಕೇಳುವ ಹಕ್ಕು ಪ್ರತಿಯೊಬ್ಬ ಶ್ರಾವಕನಿಗೂ ಶ್ರಾವಕಿಗೂ ಇದೆ.