ವೈ-ಫೈ: ಬೀಗವಿದೆ, ಬಂದವರಾರು?

ಬೆಂಗಳೂರಿನಲ್ಲಿ ಸರಣಿ ಸ್ಫೋಟ ನಡೆದ ಮರುದಿನ, ಅಂದರೆ 2008ರ ಜುಲೈ 26ರಂದು, ಅಹಮದಾಬಾದಿನಲ್ಲೂ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮುನ್ನ ಇಂಡಿಯನ್ ಮುಜಾಹಿದೀನ್ ಹೆಸರಿನ ಇ-ಮೇಲ್ ಮಾಧ್ಯಮಗಳನ್ನು ತಲುಪಿತ್ತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆ ಬಾಗಿಲಿಗೆ. ಅವರ ವೈ-ಫೈ ಸಂಪರ್ಕಕ್ಕೆ ರಕ್ಷಣೆ ಇರಲಿಲ್ಲ. ಅದನ್ನು ಅನ್ಯರು ಬಳಸಿಕೊಂಡಿದ್ದರು. ಅದೇ ಸೆಪ್ಟೆಂಬರಿನ ದೆಹಲಿ ಸ್ಫೋಟದ ವೇಳೆಯೂ ಚೆಂಬೂರಿನ ಸಂಸ್ಥೆಯೊಂದರ ವೈ-ಫೈ ಹೀಗೆಯೇ ದುರ್ಬಳಕೆಯಾಯಿತು. ಐಪಿ ವಿಳಾಸ ಸಂಪರ್ಕ ಯಾರದೆಂದು ಹೇಳುತ್ತದೆಯೇ ಹೊರತು ಕೀಲಿಮಣೆ ಒತ್ತಿದ ಕೈ ಯಾರದೆಂದು ಹೇಳುವುದಿಲ್ಲ.

ಆಗಿನಿಂದ ಬೀಗಗಳು ಗಟ್ಟಿಯಾಗಿವೆ. 2001ರಲ್ಲಿಯೇ ದೋಷ ಬಯಲಾಗಿದ್ದ 'ವೆಪ್' ವಿಧಾನವನ್ನು 2007ರ ವೇಳೆಗೆ ನಿಮಿಷದೊಳಗೆ ಭೇದಿಸಬಹುದೆಂದು ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ತೋರಿಸಿದರು. 2004ರಲ್ಲಿ ಡಬ್ಲ್ಯುಪಿಎ-2, 2018ರಲ್ಲಿ ಡಬ್ಲ್ಯುಪಿಎ-3 ಬಂದವು. ಡಬ್ಲ್ಯುಪಿಎ-2ರಲ್ಲಿ ಸಾಧನವೊಂದು ಸಂಪರ್ಕ ಪಡೆಯುವಾಗಿನ ಸಂದೇಶಗಳನ್ನು ಸೆರೆಹಿಡಿದವನು ಮನೆಗೆ ಹೋಗಿ ಬಿಡುವಾಗಿ ಲಕ್ಷಾಂತರ ಪಾಸ್‌ವರ್ಡ್‌ಗಳನ್ನು ಹೊಂದಿಸಿ ನೋಡಬಹುದು. ಮಗುವಿನ ಹೆಸರು, ಮೊಬೈಲ್ ಸಂಖ್ಯೆಯಂಥವು ಅಲ್ಲಿ ನಿಲ್ಲಲಾರವು. ಡಬ್ಲ್ಯುಪಿಎ-3 ಈ ದಾರಿಯನ್ನು ಮುಚ್ಚಿದೆ.

ಆದರೆ ಮೂಲ ಪ್ರಶ್ನೆ ಉಳಿದೇ ಇದೆ. ಪಿಜಿ ವಸತಿಗೃಹದ ಗೋಡೆಗೆ ಅಂಟಿಸಿದ ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಅದು ಎಲ್ಲರದು. ಕಳೆದ ವರ್ಷ ಖಾಲಿ ಮಾಡಿ ಹೋದವರದೂ ಹೌದು. ನಾಳೆ ಪೊಲೀಸರು ಬಂದರೆ ಉತ್ತರಿಸಬೇಕಾದವರು ಮಾಲೀಕರು.

2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ಸಾರ್ವಜನಿಕ ಸ್ಥಳಗಳ ವೈ-ಫೈ ಬಳಕೆದಾರರ ಗುರುತು ದಾಖಲಿಸುವಂತೆ ಸೇವಾದಾರರಿಗೆ ಸೂಚಿಸಿತು. ನಿಲ್ದಾಣಗಳಲ್ಲಿ ನಾವು ಮೊಬೈಲ್ ಸಂಖ್ಯೆ ಕೊಟ್ಟು ಓಟಿಪಿ ತುಂಬುವುದಕ್ಕೆ ಇದೇ ಹಿನ್ನೆಲೆ. ವಿಪರ್ಯಾಸ ನೋಡಿ: ಮನೆಯಲ್ಲಿ ಮಾಹಿತಿಗೆ ಗೂಢಲಿಪಿಯ ಕವಚವುಂಟು, ವ್ಯಕ್ತಿಯ ಗುರುತಿಲ್ಲ. ಓಟಿಪಿ ಜಾಲದಲ್ಲಿ ಗುರುತು ಸಿಕ್ಕುತ್ತದೆ, ಆದರೆ ಗಾಳಿಯಲ್ಲಿ ಸಾಗುವ ಸಂಕೇತಗಳಿಗೆ ಸಾಮಾನ್ಯವಾಗಿ ಕವಚವೇ ಇರುವುದಿಲ್ಲ. ಜಾಲತಾಣಗಳು ತಾವಾಗಿ ಎಚ್‌ಟಿಟಿಪಿಎಸ್ ಅಳವಡಿಸಿಕೊಂಡದ್ದರಿಂದಷ್ಟೇ ಅಪಾಯ ತಗ್ಗಿದೆ. ಸರ್ಕಾರದ ಗಮನ ತನಿಖೆಯ ಅನುಕೂಲದ ಮೇಲಿತ್ತು, ಬಳಕೆದಾರನ ಗೋಪ್ಯತೆಯ ಮೇಲಲ್ಲ.

ಎರಡನ್ನೂ ಕೊಡುವ 802.1ಎಕ್ಸ್ ವಿಧಾನ ದೊಡ್ಡ ಕಚೇರಿ, ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ ಇದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತು. ಕೆಲಸ ಬಿಟ್ಟವರದನ್ನು ಮಾತ್ರ ರದ್ದುಪಡಿಸಬಹುದು. ಅಲ್ಲಿಯೂ ಪ್ರಮಾಣಪತ್ರದ ಎಚ್ಚರಿಕೆಯನ್ನು ಓದದೆ 'ಸರಿ' ಒತ್ತಿದರೆ ಅದೇ ಹೆಸರಿನ ನಕಲಿ ಜಾಲಕ್ಕೆ ಗುರುತನ್ನು ಒಪ್ಪಿಸಿದಂತೆಯೇ. ಸಣ್ಣ ವಸತಿಗೃಹಗಳಿಗೆ ಈ ವ್ಯವಸ್ಥೆ ದುಬಾರಿ ಎನಿಸಬಹುದು. ಬಾಡಿಗೆದಾರ ಖಾಲಿ ಮಾಡಿದ ದಿನ ಮನೆಯ ಬೀಗ ಬದಲಿಸುವ ಮಾಲೀಕರು ವೈ-ಫೈ ಪಾಸ್‌ವರ್ಡ್ ಬದಲಿಸುವುದಕ್ಕಂತೂ ಖರ್ಚಿಲ್ಲ.