ಪ್ರಿಸೆಟ್ ಬಿಡಿ, ಹೆಬ್ಬಾತು ನೋಡಿ

ಜಾತ್ರೆ, ಮದುವೆ, ಕಾಲೇಜ್ ಡೇ, ಯಾವುದರ ವಿಡಿಯೊ ನೋಡಿದರೂ ಈಗ ಅಕ್ಷರಗಳು ಒಂದೇ ರೀತಿ ಜಿಗಿದು ಬರುತ್ತವೆ. ಎಡಿಟ್ ಮಾಡುವ ನನ್ನ ವಯಸ್ಸಿನವರಲ್ಲಿ ಹೆಚ್ಚಿನವರು ಯಾರೋ ಮಾಡಿಟ್ಟ ಪ್ರಿಸೆಟ್ ಹಾಕುತ್ತಾರೆ. ಗ್ರಾಫ್ ತೆರೆದು ನೋಡುವವರು ಕಡಿಮೆ.

ಈ ಕ್ಷಣಕ್ಕೆ ವಸ್ತು ಇಲ್ಲಿರಬೇಕು, ಆ ಕ್ಷಣಕ್ಕೆ ಅಲ್ಲಿರಬೇಕು ಎಂದು ಇಡುವ ಗುರುತೇ ಕೀಫ್ರೇಮ್. ನಡುವಿನ ಚಲನೆ ಹೇಗಿರಬೇಕೆಂದು ಹೇಳುವುದು ಗ್ರಾಫ್. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಎರಡು ಕೀಫ್ರೇಮ್ ಇಟ್ಟು ಸುಮ್ಮನಿದ್ದರೆ ವೇಗ ಕೊನೆಯವರೆಗೂ ಒಂದೇ. ಎಫ್9 ಒತ್ತಿದರೆ 'ಈಸಿ ಈಸ್': ಎರಡೂ ತುದಿಗಳಲ್ಲಿ ವೇಗ ಸೊನ್ನೆ, ಇನ್‌ಫ್ಲುಯೆನ್ಸ್ ಶೇ 33.33. ಬಹಳ ಮಂದಿ ಇಲ್ಲಿಗೇ ಕೈಬಿಡುತ್ತಾರೆ.

ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ನೀರಿಗಿಳಿಯುವುದನ್ನು ಗಮನಿಸಿ. ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ ಬರುತ್ತದೆ. ನೀರು ತಾಗಿದ ಕೂಡಲೇ ವೇಗ ಥಟ್ಟನೆ ಕುಸಿಯುತ್ತದೆ, ಆಮೇಲೆ ತುಸು ದೂರ ಜಾರಿ ನಿಲ್ಲುತ್ತದೆ. ಇದಕ್ಕೆ ಈಸಿ ಈಸ್ ಹಾಕಿದರೆ ಹಕ್ಕಿ ಲಿಫ್ಟ್‌ನಂತೆ ಬಂದು ನಿಲ್ಲುತ್ತದೆ! ಆಕಾಶದಲ್ಲೊಂದು, ನೀರು ತಾಗುವಲ್ಲೊಂದು, ನಿಲ್ಲುವಲ್ಲೊಂದು ಕೀಫ್ರೇಮ್ ಇಟ್ಟು, ನಡುವಿನದರ ಬಳಿ ವೇಗದ ಗೆರೆಯನ್ನು ಕಡಿದಾಗಿ ಇಳಿಸಿ, ಬಾಲ ಉದ್ದ ಬಿಡಬೇಕು.

ಇದಕ್ಕೆ ಹೊಸ ವಿದ್ಯೆ ಬೇಕಿಲ್ಲ. ವ್ಯಾಲ್ಯೂ ಗ್ರಾಫಿನ ಇಳಿಜಾರೇ ಸ್ಪೀಡ್ ಗ್ರಾಫ್. ಬಿ.ಇ. ಮೊದಲ ವರ್ಷದಲ್ಲಿ ಪರೀಕ್ಷೆಗೆಂದು ಉರು ಹೊಡೆಯುವ ಕ್ಯಾಲ್ಕುಲಸ್ ಇದೇ. ನಾವು ಎಳೆದಾಡುವ ಆ ಹಿಡಿಕೆಗಳಿಗೆ ಹೆಸರು ಬಂದದ್ದೂ ಒಬ್ಬ ಎಂಜಿನಿಯರ್‌ನಿಂದಲೇ. 1960ರ ದಶಕದಲ್ಲಿ ಫ್ರಾನ್ಸಿನ ರೆನೊ ಕಂಪನಿಯಲ್ಲಿ ಪಿಯರ್ ಬೆಝಿಯರ್ ಈ ವಕ್ರರೇಖೆಗಳನ್ನು ಕಾರಿನ ಮೈ ರೂಪಿಸಲು ಬಳಸಿದರು. ಆಫ್ಟರ್ ಎಫೆಕ್ಟ್ಸ್‌ಗೆ ದುಡ್ಡಿಲ್ಲದವರಿಗೆ ಉಚಿತವಾದ ಬ್ಲೆಂಡರ್‌ನಲ್ಲೂ ಗ್ರಾಫ್ ಎಡಿಟರ್ ಇದೆ.

ಬೆಳಗಾಗುವಷ್ಟರಲ್ಲಿ ಮದುವೆ ವಿಡಿಯೊ ಕೊಡಬೇಕಾದವರು ಪ್ರಿಸೆಟ್ ಹಾಕಲಿ, ತಕರಾರಿಲ್ಲ. ಆದರೆ ಕಲಿಯುವ ವಯಸ್ಸಿನಲ್ಲಿ ಅದೊಂದನ್ನೇ ನಂಬಿದರೆ ಕಣ್ಣು ಪಳಗುವುದಿಲ್ಲ.

ಇನ್ನೊಂದು ಮಾತು. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ರೀಲ್ಸ್‌ಗಾಗಿ ಕಲ್ಲೆಸೆದು, ಡ್ರೋನ್ ಬಿಟ್ಟು ಹಕ್ಕಿ ಎಬ್ಬಿಸುವುದು ಬೇಡ. ದಂಡೆಯಲ್ಲಿ ಸುಮ್ಮನೆ ಕೂತು ನೋಡಿ, ಅವು ತಾವಾಗಿ ಇಳಿಯುವುದನ್ನು ಮೊಬೈಲ್‌ನಲ್ಲಿ ಹಿಡಿದು ಮನೆಯಲ್ಲಿ ಫ್ರೇಮ್ ಎಣಿಸಿ. ಹಾರಿಸುವ ಕೆಲಸ ಕಂಪ್ಯೂಟರ್‌ನಲ್ಲಿ ಮಾಡಿದರಾಯಿತು.